ಮೂರನೆಯ ನಂಬರಿನ ಸಾಲು

ಕೆಲಸದ ನಿಮಿತ್ತ ಎರಡೂವರೆ ವರ್ಷ ನಾನು ಇಂಗ್ಲೆಂಡಿನ ಸ್ವಿಂಡನ್ ಎಂಬ ಊರಿನಲ್ಲಿದ್ದೆ. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಹಿಂದೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್ ಕಾರ್ಖಾನೆಯಿಂದ ಬದುಕಿದ ಊರದು. ಕಾರ್ಖಾನೆ 1986ರಲ್ಲಿ ಮುಚ್ಚಿತು. ಈಗ ಹೊರಗಿನವರು ಅದನ್ನು ಗುರುತಿಸುವುದು ಹೆಚ್ಚಾಗಿ ‘ಮ್ಯಾಜಿಕ್ ರೌಂಡ್‌ಅಬೌಟ್’ ಎಂಬ ಕೂಡುರಸ್ತೆಯಿಂದ: ನಡುವಿನ ವೃತ್ತದ ಸುತ್ತ ಐದು ಚಿಕ್ಕ ವೃತ್ತಗಳಿದ್ದು, ಮೊದಲ ಸಲ ಕಾರು ಓಡಿಸುವವರು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಅಲ್ಲಿ ನಿಂತುಬಿಡುತ್ತಾರೆ. ಆ ಕೂಡುರಸ್ತೆಯ ಮಗ್ಗುಲಲ್ಲೇ ಕೌಂಟಿ ಗ್ರೌಂಡ್ ಇದೆ. ಅದು ಸ್ವಿಂಡನ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮೈದಾನ. ನಾನು ಅಲ್ಲಿದ್ದ ಕಾಲಕ್ಕೆ ಕ್ಲಬ್ಬು ಲೀಗ್ ಟೂನಲ್ಲಿ, ಅಂದರೆ ಇಂಗ್ಲಿಷ್ ಫುಟ್‌ಬಾಲಿನ ನಾಲ್ಕನೆಯ ಹಂತದಲ್ಲಿ ಆಡುತ್ತಿತ್ತು. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಒಬ್ಬಂಟಿಯಾಗಿ ಮನೆಯಲ್ಲಿ ಕೂರುವುದಕ್ಕಿಂತ ಮೇಲೆಂದುಕೊಂಡು ಒಂದು ದಿನ ಟಿಕೆಟ್ ಕೊಂಡು ಒಳಗೆ ಹೋದೆ, ಆಮೇಲೆ ಬಿಡಲಾಗಲಿಲ್ಲ.

ನಾನು ಕೂರುತ್ತಿದ್ದ ಕಡೆಗೆ ಡಾನ್ ರಾಜರ್ಸ್ ಸ್ಟ್ಯಾಂಡ್ ಎಂದು ಹೆಸರು. ರಾಜರ್ಸ್ ಈ ಕ್ಲಬ್ಬು ಕಂಡ ಅತ್ಯಂತ ಪ್ರೀತಿಯ ಆಟಗಾರ, ಎಡಗಡೆಯ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಚೆಂಡು ಒಯ್ದು ದಾಳಿ ಮಾಡುವವರು. ನನ್ನ ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೂರುತ್ತಿದ್ದರು; ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು, ತಂಡದ ಪಟ್ಟಿ ಘೋಷಣೆಯಾದ ಕೂಡಲೇ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ಪಂದ್ಯದ ಹೊತ್ತಿಗೆ ನಾನು ಅವರನ್ನು ರಾಜರ್ಸ್ ಬಗ್ಗೆ ಕೇಳಿದೆ. ಅವರು ಹತ್ತು ನಿಮಿಷ ಸಂತೋಷದಿಂದ ಮಾತಾಡಿ, ಕಡೆಗೆ, ರಾಜರ್ಸ್ ಅಷ್ಟು ನಿಶ್ಚಿಂತೆಯಿಂದ ಮುಂದಕ್ಕೆ ನುಗ್ಗುತ್ತಿದ್ದುದು ಹಿಂದೆ ಯಾರಿದ್ದಾರೆಂದು ಗೊತ್ತಿದ್ದುದರಿಂದ ಎಂದರು. ಹಿಂದೆ ಇದ್ದವರು ಯಾರು ಎಂದೆ. ಜಾನ್ ಟ್ರಾಲಪ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆಗ.

ಟ್ರಾಲಪ್ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯಲ್ಲಿ ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಆಟಗಾರ. ಹುಟ್ಟಿದ್ದು 1943ರಲ್ಲಿ, ಸ್ವಿಂಡನ್ನಿಗೆ ಅಂಟಿಕೊಂಡಂತಿರುವ ರಾಟನ್ ಎಂಬ ಹಳ್ಳಿಯಲ್ಲಿ. ಕ್ಲಬ್ಬಿನ ಪರವಾಗಿ ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು 1960ರ ಆಗಸ್ಟ್‌ನಲ್ಲಿ, ಹ್ಯಾಲಿಫ್ಯಾಕ್ಸ್ ಟೌನ್ ವಿರುದ್ಧ, 17ರ ಹರೆಯದಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಊರಿನ ಕಾರ್ಖಾನೆಯಿಂದ ‘ಈವ್ನಿಂಗ್ ಸ್ಟಾರ್’ ಎಂಬ ಎಂಜಿನ್ ಹೊರಬಿದ್ದಿತ್ತು. ಬ್ರಿಟಿಷ್ ರೈಲ್ವೆಗಾಗಿ ತಯಾರಾದ ಕಟ್ಟಕಡೆಯ ಉಗಿ ಎಂಜಿನ್ ಅದು. ಅಂದರೆ ಊರಿನ ಒಂದು ಕಾಲ ಮುಗಿಯುತ್ತಿದ್ದಾಗ ಈ ಹುಡುಗನ ಕೆಲಸ ಶುರುವಾಯಿತು. ಆ ದಿನದಿಂದ 1980ರವರೆಗೆ, ಇಪ್ಪತ್ತು ವರ್ಷ, ಅವರು ಆಡಿದ್ದೆಲ್ಲ ಸ್ವಿಂಡನ್ನಿಗೆ. ಲೀಗ್ ಪಂದ್ಯಗಳ ಸಂಖ್ಯೆ 770. ಅಷ್ಟೂ ಎರಡನೆಯ ಅಥವಾ ಮೂರನೆಯ ಡಿವಿಷನ್ನಿನಲ್ಲಿ. ದೇಶದ ಅತ್ಯುನ್ನತ ಡಿವಿಷನ್ನಿನಲ್ಲಿ ಒಂದೇ ಒಂದು ಪಂದ್ಯವನ್ನೂ ಅವರು ಆಡಲಿಲ್ಲ.

ಆಗಿನ ಮ್ಯಾನೇಜರ್ ಬರ್ಟ್ ಹೆಡ್ ಅವರ ಬಳಿ ದುಡ್ಡಿರಲಿಲ್ಲ, ಆದ್ದರಿಂದ ಅವರು ಹದಿಹರೆಯದ ಹುಡುಗರನ್ನೇ ಕಟ್ಟಿಕೊಂಡು ತಂಡ ಮಾಡಿದರು. ಆ ಹುಡುಗರಲ್ಲಿ ಮೈಕ್ ಸಮ್ಮರ್‌ಬೀ ಇದ್ದರು, ಎರ್ನಿ ಹಂಟ್ ಇದ್ದರು, ಸ್ವಲ್ಪ ತಡವಾಗಿ ರಾಜರ್ಸ್ ಬಂದರು. 1963ರಲ್ಲಿ ತಂಡ ಎರಡನೆಯ ಡಿವಿಷನ್ನಿಗೆ ಏರಿತು. 1965ರಲ್ಲಿ ಮತ್ತೆ ಇಳಿಯಿತು. ಇಳಿದ ವರ್ಷವೇ ಸಮ್ಮರ್‌ಬೀ ಮ್ಯಾಂಚೆಸ್ಟರ್ ಸಿಟಿಗೆ ಹೋದರು, ಹಂಟ್ ವುಲ್ವ್ಸ್‌ಗೆ ಹೋದರು. ಚೆನ್ನಾಗಿ ಆಡುವ ಫಾರ್ವರ್ಡ್‌ಗಳನ್ನು ದೊಡ್ಡ ಕ್ಲಬ್ಬುಗಳು ಕೊಂಡೊಯ್ಯುವುದು ಆಗಲೂ ಇದ್ದ ರೂಢಿ. ಟ್ರಾಲಪ್ ಉಳಿದರು.

ಉಳಿದರು ಎಂದಷ್ಟೇ ಹೇಳಿದರೆ ಸಾಲದು. 1961ರ ಏಪ್ರಿಲ್‌ನಿಂದ 1968ರ ಆಗಸ್ಟ್‌ವರೆಗೆ ಅವರು ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ಸತತ 368 ಪಂದ್ಯಗಳು. ಕೊನೆಗೆ ಈ ಸರಣಿ ನಿಂತದ್ದು ಕೈ ಮುರಿದುಕೊಂಡಾಗ. ಈ ಸಂಖ್ಯೆಯ ತೂಕ ತಿಳಿಯಬೇಕಾದರೆ ಆ ಕಾಲದ ಆಟ ಹೇಗಿತ್ತೆಂಬುದನ್ನು ನೆನೆಯಬೇಕು. ಇಂಗ್ಲಿಷ್ ಲೀಗಿನಲ್ಲಿ ಬದಲಿ ಆಟಗಾರನನ್ನು ಇಳಿಸಲು ಅವಕಾಶ ಸಿಕ್ಕಿದ್ದೇ 1965ರಲ್ಲಿ, ಅದೂ ಒಬ್ಬನನ್ನು, ಅದೂ ಯಾರಿಗಾದರೂ ಪೆಟ್ಟಾದರೆ ಮಾತ್ರ. ಟ್ರಾಲಪ್ ಅವರ ಮೊದಲ ಐದು ವರ್ಷಗಳಲ್ಲಿ ಕಾಲು ಉಳುಕಿದ ಬ್ಯಾಕ್ ಒಂದೋ ಕುಂಟುತ್ತ ಆಡಬೇಕಾಗಿತ್ತು, ಇಲ್ಲವೇ ಹತ್ತು ಜನರ ಮೇಲೆ ಭಾರ ಹೊರಿಸಿ ಹೊರಗೆ ಹೋಗಬೇಕಾಗಿತ್ತು. ಜನವರಿಯ ಹೊತ್ತಿಗೆ ಮೈದಾನದಲ್ಲಿ ಹುಲ್ಲಿಗಿಂತ ಕೆಸರೇ ಹೆಚ್ಚಿರುತ್ತಿತ್ತು. ಮಳೆ ಕುಡಿದ ಚರ್ಮದ ಚೆಂಡು ತಲೆಗೆ ತಗುಲಿದರೆ ಕಲ್ಲಿನಂತಿರುತ್ತಿತ್ತು. ಮೂರನೆಯ ಡಿವಿಷನ್ನಿನಲ್ಲಿ ಲೀಗ್ ಪಂದ್ಯಗಳೇ ವರ್ಷಕ್ಕೆ 46.

ನಾನೂ ಲೆಫ್ಟ್ ಬ್ಯಾಕ್ ಆಡಿದವನು. ಬೆಂಗಳೂರಿನಲ್ಲಿ ಕಾಲೇಜಿನಲ್ಲಿದ್ದಾಗ ಭಾನುವಾರ ಬೆಳಗ್ಗೆ ಆಸ್ಟಿನ್ ಟೌನಿನ ಮೈದಾನಕ್ಕೆ ಹೋಗುತ್ತಿದ್ದೆವು. ಅಲ್ಲಿ ಚಿಕ್ಕ ಹುಡುಗರೂ ಬರಿಗಾಲಿನಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುತ್ತಾರೆ. ಹಾಸನದ ಕಡೆಯಿಂದ ಹೋದ ನನಗೆ ಆ ಕೌಶಲ ಇರಲಿಲ್ಲ. ತಂಡದ ಹಿರಿಯ ಆಟಗಾರ ನನ್ನನ್ನು ನೋಡಿ, ‘ನೀನು ಬ್ಯಾಕ್‌ನಲ್ಲಿ ನಿಲ್ಲು’ ಎಂದರು. ಎಡಗಾಲು ಅಷ್ಟಿಷ್ಟು ಓಡುತ್ತಿದ್ದುದರಿಂದ ಎಡಕ್ಕೆ ಬಿದ್ದೆ. ಆ ಜಾಗದ ಕೆಲಸವೇನೆಂದು ನಿಧಾನವಾಗಿ ತಿಳಿಯಿತು. ವಿಂಗರ್ ಚೆಂಡು ಹಿಡಿದು ಎದುರಿಗೆ ಬಂದಾಗ ಅವನ ಕಾಲಿಗೆ ಬೀಳುವ ಆಸೆಯನ್ನು ತಡೆದುಕೊಳ್ಳಬೇಕು. ಮೈಯನ್ನು ಅರ್ಧ ಓರೆ ಮಾಡಿ, ಗೋಲಿನ ಕಡೆಯ ದಾರಿ ಮುಚ್ಚಿ, ಗೆರೆಯ ಕಡೆಯ ದಾರಿಯನ್ನು ಮಾತ್ರ ಅವನಿಗೆ ತೋರಿಸುತ್ತ, ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು. ಅವನು ಬೇಸತ್ತು ಚೆಂಡನ್ನು ಹಿಂದಕ್ಕೆ ಕೊಟ್ಟರೆ ನಿನ್ನ ಕೆಲಸ ಆಯಿತು. ಯಾರೂ ಚಪ್ಪಾಳೆ ತಟ್ಟುವುದಿಲ್ಲ, ತಟ್ಟುವಂಥದ್ದು ಏನೂ ನಡೆದಿರುವುದಿಲ್ಲ. ತೊಂಬತ್ತು ನಿಮಿಷದಲ್ಲಿ ಹೀಗೆ ಮೂವತ್ತು ಸಲ ಏನೂ ನಡೆಯದಂತೆ ನೋಡಿಕೊಂಡವನು ಒಳ್ಳೆಯ ಬ್ಯಾಕ್.

ನಮ್ಮಪ್ಪ ಕೆಎಸ್ಆರ್‌ಟಿಸಿಯಲ್ಲಿ ಚಾಲಕರಾಗಿದ್ದರು. ಸಂಸ್ಥೆಯಲ್ಲಿ ಅಪಘಾತರಹಿತ ಚಾಲನೆಗೆ ಪದಕ ಕೊಡುತ್ತಾರೆ. ಅಪ್ಪನಿಗೆ ಬೆಳ್ಳಿಯದು ಬಂದಿತ್ತು, ನಮ್ಮ ಮನೆಯ ಗೋಡೆಯಲ್ಲಿ ದೇವರ ಪಟದ ಪಕ್ಕ ಅದು ತೂಗುತ್ತಿತ್ತು. ಚಿಕ್ಕಂದಿನಲ್ಲಿ ನಾನು, ಏನು ಮಾಡಿದ್ದಕ್ಕೆ ಇದನ್ನು ಕೊಟ್ಟರು ಎಂದು ಕೇಳಿದಾಗ ಅಪ್ಪ, ‘ಏನೂ ಆಗಲಿಲ್ಲವಲ್ಲ, ಅದಕ್ಕೆ’ ಎಂದಿದ್ದರು. ಟ್ರಾಲಪ್ ಅವರ ಲೆಕ್ಕವನ್ನು ಓದುವಾಗೆಲ್ಲ ನನಗೆ ಆ ಪದಕ ನೆನಪಾಗುತ್ತಿತ್ತು. ಫಾರ್ವರ್ಡ್ ಹೊಡೆದ ಗೋಲುಗಳನ್ನು ಎಣಿಸಬಹುದು. ಬ್ಯಾಕ್ ತಡೆದದ್ದನ್ನು ಆ ಕಾಲದಲ್ಲಿ ಎಣಿಸಿದವರಿಲ್ಲ, ಎಣಿಸಲು ಬರುವಂಥದ್ದೂ ಅಲ್ಲ. ಅವರ ಬಗ್ಗೆ ದಾಖಲೆಯಲ್ಲಿ ಉಳಿಯುವುದು ಅವರು ಎಷ್ಟು ಸಲ ಮೈದಾನಕ್ಕಿಳಿದರು ಎಂಬುದೊಂದೇ. ಆ ಸಂಖ್ಯೆಯೊಳಗೆ ಎಷ್ಟು ಮ್ಯಾನೇಜರುಗಳು ಪ್ರತಿ ಶುಕ್ರವಾರ ಅವರ ಹೆಸರನ್ನು ಮರುಮಾತಿಲ್ಲದೆ ಬರೆದರು ಎಂಬ ತೀರ್ಪೂ ಸೇರಿದೆ ಎಂದು ನಾನು ನಂಬುತ್ತೇನೆ.

ಕೈ ಮುರಿದ ಋತುವೇ ಅವರ ಬದುಕಿನ ದೊಡ್ಡ ಋತುವೂ ಆಯಿತು. ಆ ವರ್ಷ ಮೂರನೆಯ ಡಿವಿಷನ್ನಿನ ಸ್ವಿಂಡನ್, ಎಲ್ಲ ಡಿವಿಷನ್ನುಗಳ ಕ್ಲಬ್ಬುಗಳೂ ಆಡುವ ಲೀಗ್ ಕಪ್ಪಿನಲ್ಲಿ ಒಂದೊಂದೇ ಸುತ್ತು ದಾಟುತ್ತ ಹೋಯಿತು. ಆಗ ಪೆನಾಲ್ಟಿ ಹೊಡೆದು ಇತ್ಯರ್ಥ ಮಾಡುವ ಪದ್ಧತಿ ಇರಲಿಲ್ಲ, ಸಮವಾದರೆ ಮತ್ತೆ ಆಡಬೇಕು. ಮೊದಲ ಡಿವಿಷನ್ನಿನ ಬರ್ನ್ಲಿ ವಿರುದ್ಧದ ಸೆಮಿಫೈನಲ್ ಮೂರು ಪಂದ್ಯಗಳವರೆಗೆ ಎಳೆಯಿತು. ಫೈನಲ್ 1969ರ ಮಾರ್ಚ್ 15ರಂದು ವೆಂಬ್ಲಿಯಲ್ಲಿ, ಆರ್ಸೆನಲ್ ಎದುರು. ಅದೇ ವೆಂಬ್ಲಿಯ ಹುಲ್ಲಿನ ಮೇಲೆ ಕುದುರೆಗಳ ಪ್ರದರ್ಶನ ನಡೆದಿತ್ತು, ಮೇಲಿಂದ ಮಳೆ. ಫೈನಲ್ ದಿನ ಮೈದಾನ ನಾಟಿಗೆ ಹದ ಮಾಡಿದ ಗದ್ದೆಯಂತಿತ್ತು. ಮೊದಲ ಡಿವಿಷನ್ನಿನ ಕ್ಲಬ್ಬು ಆ ಕೆಸರಿನಲ್ಲಿ ಮೂರನೆಯ ಡಿವಿಷನ್ನಿನವರೊಂದಿಗೆ ಹೆಣಗಿತು. ಆರ್ಸೆನಲ್ಲಿನ ಸೆಂಟರ್ ಹಾಫ್ ಇಯಾನ್ ಯೂರ್ ಮತ್ತು ಗೋಲ್‌ಕೀಪರ್ ಬಾಬ್ ವಿಲ್ಸನ್ ನಡುವಿನ ಗೊಂದಲದಲ್ಲಿ ರೋಜರ್ ಸ್ಮಾರ್ಟ್ ಮೊದಲ ಗೋಲು ಹೊಡೆದರು. ಪಂದ್ಯ ಮುಗಿಯಲು ನಾಲ್ಕು ನಿಮಿಷ ಇದೆಯೆನ್ನುವಾಗ ಬಾಬಿ ಗೂಲ್ಡ್ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ರಾಜರ್ಸ್ ಎರಡು ಗೋಲು ಹೊಡೆದು 3-1ರಿಂದ ಗೆಲ್ಲಿಸಿದರು. ಎರಡನೆಯದು ಇಂದಿಗೂ ಸ್ವಿಂಡನ್ನಿನ ಮನೆಮನೆಯಲ್ಲಿ ಹೇಳುವ ಕಥೆ: ಸುಸ್ತಾಗಿ ಎಲ್ಲರೂ ಕೆಸರಿನಲ್ಲಿ ಕಾಲೆಳೆಯುತ್ತಿದ್ದಾಗ ಅವರೊಬ್ಬರು ಮೈದಾನದ ನಡುವಿನಿಂದ ಚೆಂಡನ್ನು ಒಯ್ದು, ವಿಲ್ಸನ್‌ರನ್ನು ದಾಟಿ, ಬಲೆಗೆ ಸೇರಿಸಿದರು.

ಆ ಓಟದ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕ್ಯಾಮೆರಾ ರಾಜರ್ಸ್‌ರ ಜೊತೆ ಹೋಗುತ್ತದೆ, ಹೋಗಬೇಕಾದದ್ದೂ ಹೌದು. ಆದರೆ ನೂರಿಪ್ಪತ್ತನೆಯ ನಿಮಿಷದಲ್ಲಿ ಒಬ್ಬ ವಿಂಗರ್ ಅಂಥ ಓಟಕ್ಕೆ ಉಸಿರು ಉಳಿಸಿಕೊಂಡಿರಬೇಕಾದರೆ, ಅದಕ್ಕೆ ಮುಂಚಿನ ಎರಡು ಗಂಟೆ ಅವನು ಹಿಂದೆ ಹಿಂದೆ ಓಡಿ ತನ್ನ ಬದಿಯನ್ನು ಕಾಯುವ ಕೆಲಸದಿಂದ ಸ್ವಲ್ಪವಾದರೂ ಬಿಡುಗಡೆ ಪಡೆದಿರಬೇಕು. ಕನ್ನಡದಲ್ಲಿ ನಾವು ‘ಬೆನ್ನಿಗೆ ನಿಲ್ಲುವುದು’ ಎನ್ನುತ್ತೇವೆ. ರಾಜರ್ಸ್‌ರ ಬೆನ್ನಿಗೆ ಅಕ್ಷರಶಃ ನಿಂತಿದ್ದವರು ಟ್ರಾಲಪ್.

ಕಪ್ಪು ಗೆದ್ದರೂ ಮೂರನೆಯ ಡಿವಿಷನ್ನಿನ ತಂಡವೆಂಬ ಕಾರಣಕ್ಕೆ ಸ್ವಿಂಡನ್ನಿಗೆ ಯುರೋಪಿನ ಫೇರ್ಸ್ ಕಪ್ಪಿನಲ್ಲಿ ಆಡಲು ಬಿಡಲಿಲ್ಲ. ಅದರ ಬದಲಿಗೆ ಏರ್ಪಡಿಸಿದ ಇಂಗ್ಲೆಂಡ್-ಇಟಲಿ ಕಪ್ಪಿನಲ್ಲಿ ರೋಮಾ ವಿರುದ್ಧ ಅಲ್ಲಿ 2-1ರಿಂದ ಸೋತು, ಇಲ್ಲಿ 4-0ಯಿಂದ ಗೆದ್ದರು. ಅದೇ 1969ರಲ್ಲಿ ಎರಡನೆಯ ಡಿವಿಷನ್ನಿಗೂ ಏರಿದರು. ಏರಿದ್ದು ಬಹಳ ಕಾಲ ನಿಲ್ಲಲಿಲ್ಲ. 1972ರಲ್ಲಿ ರಾಜರ್ಸ್ ಕ್ರಿಸ್ಟಲ್ ಪ್ಯಾಲೇಸಿಗೆ ಹೋದರು, 1974ರಲ್ಲಿ ತಂಡ ಮತ್ತೆ ಮೂರಕ್ಕೆ ಇಳಿಯಿತು. ಈ ಇಳಿತದ ವರ್ಷಗಳ ಬಗ್ಗೆ ಹೇಳುವವರು ಕಡಿಮೆ. ನನಗೆ ಮುಖ್ಯವೆನಿಸುವುದು ಅವೇ. ಗೆಲ್ಲುವ ತಂಡದಲ್ಲಿ ನೆಚ್ಚಿಕೆಯಿಂದ ಇರುವುದು ಅಷ್ಟು ಕಷ್ಟವಲ್ಲ. ಜೊತೆಗಾರರು ಒಬ್ಬೊಬ್ಬರಾಗಿ ಹೋದ ಮೇಲೆ, ಖಾಲಿ ಮೆಟ್ಟಿಲುಗಳ ಮುಂದೆ, ಮೂವತ್ತು ದಾಟಿದ ಕಾಲುಗಳಲ್ಲಿ, ತನಗಿಂತ ಹನ್ನೆರಡು ವರ್ಷ ಚಿಕ್ಕವನಾದ ವಿಂಗರನ್ನು ಓರೆ ನಿಂತು ಕಾಯುವುದು ಕಷ್ಟ.

1978ರಲ್ಲಿ ಟ್ರಾಲಪ್ ಅವರಿಗೆ ಎಂಬಿಇ ಎಂಬ ಬ್ರಿಟಿಷ್ ರಾಜಗೌರವ ಬಂತು. ಆ ಹೊತ್ತಿಗೆ ಆಟ ಬಿಟ್ಟು ಕಿರಿಯರ ತಂಡಕ್ಕೆ ಕಲಿಸುವ ಕೆಲಸಕ್ಕೆ ಹೋಗಿದ್ದರು. ಆಟಗಾರರ ಕೊರತೆಯಾದಾಗ ಮತ್ತೆ ಕರೆ ಬಂತು, ಅವರು ಮತ್ತೆ ಬೂಟು ಕಟ್ಟಿದರು. ಒಂದೇ ಕ್ಲಬ್ಬಿಗೆ ಅತಿ ಹೆಚ್ಚು ಲೀಗ್ ಪಂದ್ಯ ಆಡಿದ ದಾಖಲೆ ಆಗ ಪೋರ್ಟ್ಸ್‌ಮತ್ತಿನ ಜಿಮ್ಮಿ ಡಿಕಿನ್ಸನ್ ಅವರದ್ದಾಗಿತ್ತು, 764. ಡಿಕಿನ್ಸನ್ ಬೇರೆ ಎತ್ತರದ ಆಟಗಾರ: ಇಂಗ್ಲೆಂಡಿಗೆ 48 ಪಂದ್ಯ ಆಡಿದವರು, ಎರಡು ಸಲ ಲೀಗ್ ಗೆದ್ದ ತಂಡದಲ್ಲಿದ್ದವರು, ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ರೆಫರಿಯ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳದವರು. 1980ರಲ್ಲಿ ಟ್ರಾಲಪ್ ಆ ಸಂಖ್ಯೆಯನ್ನು ದಾಟಿ 770ಕ್ಕೆ ನಿಂತರು.

ಆಮೇಲಿನದನ್ನು ಮುಚ್ಚಿಡುವುದು ಸರಿಯಲ್ಲ. 1981ರಲ್ಲಿ ಕ್ಲಬ್ಬು ಅವರನ್ನೇ ಮ್ಯಾನೇಜರ್ ಮಾಡಿತು. 1982ರಲ್ಲಿ ಸ್ವಿಂಡನ್ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ನಾಲ್ಕನೆಯ ಡಿವಿಷನ್ನಿಗೆ ಬಿತ್ತು. 1983ರಲ್ಲಿ ಅವರು ಆ ಹುದ್ದೆಯಿಂದ ಹೋದರು. ಇಪ್ಪತ್ತು ವರ್ಷ ಒಂದು ಬದಿಯನ್ನು ಬೀಳದಂತೆ ನೋಡಿಕೊಂಡವರ ಕೈಯಲ್ಲೇ ಇಡೀ ತಂಡ ಬಿದ್ದದ್ದು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಪಕ್ಕದ ಸೀಟಿನ ಹಿರಿಯರು ಮಾತ್ರ ಆ ವಿಷಯ ಬಂದಾಗ ತಲೆಯಾಡಿಸಿ, ಅವರ ಬಳಿ ಆಟಗಾರರಿರಲಿಲ್ಲ ಎಂದಷ್ಟೇ ಹೇಳಿ ಚಹಾ ಸುರಿದುಕೊಂಡರು.

ಈ ದಾಖಲೆ ಕೆಳಗಿನ ಲೀಗುಗಳಲ್ಲೇ ಏಕೆ ಉಳಿಯಿತು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಇಂದು ಪ್ರೀಮಿಯರ್ ಲೀಗಿನಲ್ಲಿ ವರ್ಷಕ್ಕೆ 38 ಪಂದ್ಯ, ಅದರ ಕೆಳಗಿನ ಮೂರು ಹಂತಗಳಲ್ಲಿ 46. ಮೇಲಿನವರಿಗೆ ಯುರೋಪಿನ ಕಪ್ಪುಗಳಿವೆ, ದೇಶದ ತಂಡವಿದೆ, ಆದ್ದರಿಂದ ವಿಶ್ರಾಂತಿ ಕೊಟ್ಟು ಕೊಟ್ಟು ಆಡಿಸುತ್ತಾರೆ. ಕೆಳಗಿನ ಕ್ಲಬ್ಬಿನಲ್ಲಿ ವಿಶ್ರಾಂತಿ ಕೊಡಲು ಇನ್ನೊಬ್ಬ ಲೆಫ್ಟ್ ಬ್ಯಾಕ್ ಇದ್ದರೆ ಅದೇ ಪುಣ್ಯ. ಇನ್ನೊಂದು ಸಂಗತಿಯನ್ನೂ ಹೇಳಬೇಕು: ಟ್ರಾಲಪ್ ಕೆಲಸಕ್ಕೆ ಸೇರಿದಾಗ ಆಟಗಾರರಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ, ಆ ಮಿತಿ ಹೋದದ್ದು 1961ರಲ್ಲಿ. ಕರಾರು ಮುಗಿದರೂ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಕ್ಲಬ್ಬಿಗಿತ್ತು. ಜಾರ್ಜ್ ಈಸ್ಟ್‌ಹ್ಯಾಮ್ ನ್ಯಾಯಾಲಯಕ್ಕೆ ಹೋಗಿ 1963ರಲ್ಲಿ ಗೆದ್ದ ಮೇಲೆ ಆ ಹಿಡಿತ ಸಡಿಲವಾಯಿತು. ಆದ್ದರಿಂದ ಆ ಕಾಲದವರು ಒಂದೇ ಕ್ಲಬ್ಬಿನಲ್ಲಿ ಉಳಿದದ್ದನ್ನೆಲ್ಲ ನಿಷ್ಠೆ ಎಂದು ಕರೆಯುವುದು ತಪ್ಪಾದೀತು. ಆದರೆ ಹೀಗೆ ಉಳಿದವರೆಲ್ಲ ಸತತ 368 ಪಂದ್ಯ ಆಡಲಿಲ್ಲ ಎಂಬುದೂ ಅಷ್ಟೇ ನಿಜ.

770 ಎಂಬ ಸಂಖ್ಯೆ ನಲವತ್ತಮೂರು ವರ್ಷ ನಿಂತಿತು. ಅದನ್ನು ದಾಟಿದವರೂ ಲೆಫ್ಟ್ ಬ್ಯಾಕ್: ಮಿಲ್ಟನ್ ಕೀನ್ಸ್ ಊರಿನ ಎಂಕೆ ಡಾನ್ಸ್ ಕ್ಲಬ್ಬಿನ ಡೀನ್ ಲೂಯಿಂಗ್ಟನ್. 2023ರ ಸೆಪ್ಟೆಂಬರಿನಲ್ಲಿ, ದಾಖಲೆ ಹತ್ತಿರ ಬರುತ್ತಿದೆಯೆಂದು ಓದಿ, ಒಂದು ಶನಿವಾರ ಅವರನ್ನು ನೋಡಲೆಂದೇ ಅಲ್ಲಿಗೆ ಹೋದೆ. ಅವರ ಕಥೆ ಟ್ರಾಲಪ್‌ರಷ್ಟು ಸರಳವಲ್ಲ. ಅವರು ಆಟ ಶುರು ಮಾಡಿದ್ದು ಲಂಡನ್ನಿನ ವಿಂಬಲ್ಡನ್ ಕ್ಲಬ್ಬಿನಲ್ಲಿ. ಆ ಕ್ಲಬ್ಬನ್ನು ಮಿಲ್ಟನ್ ಕೀನ್ಸಿಗೆ ಸಾಗಿಸಲು 2002ರಲ್ಲಿ ಒಪ್ಪಿಗೆ ಸಿಕ್ಕಿತು, ಸಿಟ್ಟಿಗೆದ್ದ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಎಂಬ ತಮ್ಮದೇ ಕ್ಲಬ್ಬು ಕಟ್ಟಿಕೊಂಡರು, 2004ರಲ್ಲಿ ಸ್ಥಳಾಂತರಗೊಂಡ ಕ್ಲಬ್ಬಿನ ಹೆಸರೇ ಬದಲಾಯಿತು. ಊರಿನಿಂದ ಕಿತ್ತು ತಂದ ಕ್ಲಬ್ಬೆಂದು ಇಂಗ್ಲೆಂಡಿನಲ್ಲಿ ಅನೇಕರು ಇಂದಿಗೂ ಅದನ್ನು ಒಪ್ಪುವುದಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಬೇರಿಲ್ಲದ ಆ ಕ್ಲಬ್ಬಿಗೆ ಬೇರಿನಂತೆ ಇದ್ದವರು ಹದಿಹರೆಯದಲ್ಲಿ ಬಂದ ಈ ಒಬ್ಬ ಆಟಗಾರ. ಲೀಗ್ ಟೂ, ಲೀಗ್ ಒನ್, ಒಂದು ವರ್ಷ ಅದಕ್ಕೂ ಮೇಲಿನ ಚಾಂಪಿಯನ್‌ಷಿಪ್, ಮತ್ತೆ ಕೆಳಗೆ, ಮತ್ತೆ ಮೇಲೆ. 2014ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಲೀಗ್ ಕಪ್ಪಿನಲ್ಲಿ 4-0ಯಿಂದ ಸೋಲಿಸಿದ ಎಂಕೆ ಡಾನ್ಸ್ ಅವರ ಕಾಲದ್ದು.

ಆ ದಿನ ನಾನು ಚೆಂಡನ್ನು ಬಿಟ್ಟು ಅವರನ್ನೇ ನೋಡಿದೆ. ಮೂವತ್ತೊಂಬತ್ತರ ಪ್ರಾಯ. ಚೆಂಡು ಬಲಬದಿಯಲ್ಲಿ, ಅವರಿಂದ ಐವತ್ತು ಗಜ ದೂರದಲ್ಲಿದ್ದಾಗಲೂ ಪ್ರತಿ ಮೂರು ನಾಲ್ಕು ಸೆಕೆಂಡಿಗೊಮ್ಮೆ ತಲೆ ಹೊರಳಿಸಿ ಹಿಂದೆ ನೋಡುತ್ತಿದ್ದರು: ಭುಜದ ಹಿಂದೆ ಯಾರಿದ್ದಾರೆ, ಎಷ್ಟು ದೂರ. ನೋಡಿದ ಮೇಲೆ ಎರಡು ಹೆಜ್ಜೆ ಒಳಗೆ ಸರಿಯುವರು, ಇಲ್ಲವೇ ಕೈ ನೀಡಿ ಪಕ್ಕದ ಕಿರಿಯನಿಗೆ ಜಾಗ ತೋರಿಸುವರು. ವೇಗದ ಓಟ ಅವರಲ್ಲಿ ಉಳಿದಿರಲಿಲ್ಲ, ಅದು ಬೇಕಾಗುವ ಸಂದರ್ಭವೂ ಬಾರದಂತೆ ನೋಡಿಕೊಳ್ಳುತ್ತಿದ್ದರು. ಎದುರಾಳಿ ಒಂದು ಉದ್ದನೆಯ ಪಾಸ್ ಕೊಟ್ಟಾಗ ಪ್ರೇಕ್ಷಕರೆಲ್ಲ ಉಸಿರು ಬಿಗಿಹಿಡಿದರು. ಚೆಂಡು ಬೀಳುವ ಜಾಗದಲ್ಲಿ ಅವರು ಆಗಲೇ ನಿಂತಿದ್ದರು. ಆ ಋತುವಿನ ಆರಂಭದಲ್ಲಿ ಅವರ ಮ್ಯಾನೇಜರ್ ಆಗಿದ್ದವರು ಗ್ರಹಾಂ ಅಲೆಕ್ಸಾಂಡರ್; ಅವರೂ ಇದೇ ಜಾತಿಯ ಬ್ಯಾಕ್, ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದವರು, ಪ್ರೀಮಿಯರ್ ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು 37ನೇ ವಯಸ್ಸಿನಲ್ಲಿ. ಆ ಡಿಸೆಂಬರ್‌ನಲ್ಲಿ ಲೂಯಿಂಗ್ಟನ್ 771ನೆಯ ಲೀಗ್ ಪಂದ್ಯ ಆಡಿದರು. 2025ರಲ್ಲಿ ನಿವೃತ್ತರಾದರು.

ದಾಖಲೆ ಮುರಿದ ಸುದ್ದಿ ಬಂದ ಮೇಲೆ ನಾನು ಊರಿಗೆ ಹಿಂದಿರುಗುವ ದಿನವೂ ಹತ್ತಿರವಾಯಿತು. ಪಕ್ಕದ ಸೀಟಿನ ಹಿರಿಯರು ಒಂದು ಭಾನುವಾರ ಮನೆಗೆ ಕರೆದರು. ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ಅವರು ಹುಡುಗನಾಗಿದ್ದಾಗಿನಿಂದ ಕೂಡಿಟ್ಟ ಪಂದ್ಯದ ಪ್ರೋಗ್ರಾಮುಗಳಿದ್ದವು, ಅರುವತ್ತರ ದಶಕದವು, ಅಂಚು ಹಳದಿಯಾದವು. ನಡುವಿನ ಪುಟದಲ್ಲಿ ಎರಡೂ ತಂಡಗಳ ಹನ್ನೊಂದು ಹೆಸರುಗಳನ್ನು ಸಾಲಾಗಿ ಅಚ್ಚು ಹಾಕುತ್ತಿದ್ದರು, 1ರಿಂದ 11ರವರೆಗೆ. ಅಚ್ಚಾದ ಮೇಲೆ ಯಾರಾದರೂ ಬದಲಾದರೆ, ಧ್ವನಿವರ್ಧಕದಲ್ಲಿ ಹೇಳಿದ್ದನ್ನು ಕೇಳಿ ಹುಡುಗರು ಪೆನ್ಸಿಲಿನಲ್ಲಿ ಹಳೆಯ ಹೆಸರು ಹೊಡೆದು ಹೊಸದನ್ನು ಬರೆಯುತ್ತಿದ್ದರಂತೆ. ಲೆಫ್ಟ್ ಬ್ಯಾಕ್‌ನದು 3ನೆಯ ನಂಬರು. ನಾನು ಒಂದೊಂದಾಗಿ ಬಿಡಿಸಿ ನೋಡಿದೆ. 8ರ ಸಾಲಿನಲ್ಲಿ ಗೀಟು, 10ರಲ್ಲಿ ಗೀಟು, 5ರಲ್ಲಿ ಎರಡು ಸಲ ಹೊಡೆದು ಮೂರನೆಯ ಹೆಸರು. 3ರ ಸಾಲು ಸ್ವಚ್ಛ. ಇನ್ನೊಂದು ವರ್ಷದ ಕಟ್ಟು ತೆಗೆದೆ, ಮತ್ತೊಂದು ತೆಗೆದೆ, 3ರ ಸಾಲಿನ ಮೇಲೆ ಪೆನ್ಸಿಲಿನ ಗುರುತಿಲ್ಲ. ಹಿರಿಯರು ಏನೂ ಮಾತಾಡದೆ ನಾನು ಎಲ್ಲಿಗೆ ತಲುಪುತ್ತೇನೆಂದು ಕಾಯುತ್ತಿದ್ದರು. 1968ರ ಕಟ್ಟಿನಲ್ಲಿ, ಬೇಸಿಗೆ ಮುಗಿದ ಮೇಲಿನ ಒಂದು ಪ್ರೋಗ್ರಾಮಿನಲ್ಲಿ, ಆ ಸಾಲಿನ ಮೇಲೆ ಗೀಟು ಇತ್ತು. ಬೇರೆಲ್ಲ ಗೀಟುಗಳು ಒಂದೇ ಎಳೆತದವು. ಇದನ್ನು ಇಪ್ಪತ್ತರ ಹರೆಯವೂ ಆಗದ ಕೈಯೊಂದು ತೀರ ತೆಳುವಾಗಿ ಎಳೆದಿತ್ತು, ಕೆಳಗಿನ ಹೆಸರು ಪೂರ್ತಿ ಓದಲು ಬರುತ್ತಿತ್ತು.